ಪುಟ ಮಿನುಗುವುದೇಕೆ?

ಪ್ರಶ್ನೆ: ನಮ್ಮದು ವರ್ಡ್‌ಪ್ರೆಸ್ ತಾಣ. ಎ/ಬಿ ಪರೀಕ್ಷೆಯ (ಪುಟದ ಎರಡು ರೂಪಗಳನ್ನು ಬೇರೆ ಬೇರೆ ಓದುಗರಿಗೆ ತೋರಿಸಿ ಹೋಲಿಸುವುದು) ಕೋಡ್ ಹಾಕಿದ ಮೇಲೆ ಹಳೆಯ ಶೀರ್ಷಿಕೆ ಒಂದು ಕ್ಷಣ ಕಂಡು, ಆಮೇಲೆ ಹೊಸದು ಬರುತ್ತದೆ. ಏನು ಮಾಡಬೇಕು?

ಉತ್ತರ: ಕೋಡ್ ತಡವಾಗಿ ಓಡುತ್ತಿದೆ. ಮೊದಲು ಕ್ಯಾಶ್ ಪ್ಲಗಿನ್ (ಪುಟದ ಸಿದ್ಧ ಪ್ರತಿ ಇಟ್ಟುಕೊಂಡು ತಾಣದ ವೇಗ ಹೆಚ್ಚಿಸುವ ಸೇರ್ಪಡೆ) ಮೇಲೆ ಅನುಮಾನಪಡಿ. ಜಾವಾಸ್ಕ್ರಿಪ್ಟ್ ಮುಂದೂಡುವ ಆಯ್ಕೆ ಆನ್ ಇದ್ದರೆ ಪುಟ ಮೂಡಿದ ಮೇಲೆ, ಕೆಲವೊಮ್ಮೆ ಓದುಗರು ಸ್ಕ್ರೋಲ್ ಮಾಡಿದ ಮೇಲಷ್ಟೇ ಪರೀಕ್ಷೆಯ ಕೋಡ್ ಎಚ್ಚರಗೊಳ್ಳುತ್ತದೆ. ಪ್ಲಗಿನ್ನಿನ ಹೊರಗಿಡುವ ಪಟ್ಟಿಗೆ ಪರೀಕ್ಷೆಯ ಸ್ಕ್ರಿಪ್ಟಿನ ವಿಳಾಸ ಸೇರಿಸಿ, ಕ್ಯಾಶ್ ಖಾಲಿ ಮಾಡಿ, ಇನ್‌ಕಾಗ್ನಿಟೊದಲ್ಲಿ ನೋಡಿ. ಲಾಗಿನ್ ಆಗಿ ನೋಡಿದರೆ ಸಾಮಾನ್ಯವಾಗಿ ಕ್ಯಾಶ್ ಆಗದ ಪುಟವೇ ಸಿಗುತ್ತದೆ. ಎಲ್ಲ ಸರಿಹೋಯಿತೆಂದು ಮೋಸಹೋಗುತ್ತೀರಿ.

ಆಗಲೂ ಮಿನುಗಿದರೆ, ಕೋಡ್ ಟ್ಯಾಗ್ ಮ್ಯಾನೇಜರ್ (ಹೊರಗಿನ ಕೋಡ್‌ಗಳನ್ನು ಒಂದೆಡೆಯಿಂದ ಪುಟಕ್ಕೆ ಸೇರಿಸುವ ಉಪಕರಣ) ಮೂಲಕ ಬರುತ್ತಿದೆಯೇ ಗಮನಿಸಿ. ಅಲ್ಲಿಂದ ತೆಗೆದು, ಚೈಲ್ಡ್ ಥೀಮಿನ (ಮೂಲ ಥೀಮಿನ ಮೇಲೆ ನಿಮ್ಮ ಬದಲಾವಣೆಗಳನ್ನು ಇಡುವ ಉಪಥೀಮ್) ಫಂಕ್ಷನ್ಸ್ ಕಡತದಲ್ಲಿ 'ಡಬ್ಲ್ಯುಪಿ ಹೆಡ್' (wp_head) ಹುಕ್‌ಗೆ, ಅಂದರೆ ಪುಟದ ತಲೆಭಾಗಕ್ಕೆ ಕೋಡ್ ಸೇರಿಸುವ ಜಾಗಕ್ಕೆ, ಆದ್ಯತೆ 1 ಕೊಟ್ಟು ಸೇರಿಸಿ (ಏನೂ ಕೊಡದಿದ್ದರೆ 10 ಆಗುತ್ತದೆ; ಸಂಖ್ಯೆ ಚಿಕ್ಕದಾದಷ್ಟೂ ಕೋಡ್ ಮೊದಲು ಬರುತ್ತದೆ). ಮೂಲ ಥೀಮಿನಲ್ಲಿ ಹಾಕಿದ್ದು ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋದೀತು.

ಎ/ಬಿ ಪರೀಕ್ಷೆಯ ಉಪಕರಣವಾಗಿದ್ದ ಗೂಗಲ್ ಆಪ್ಟಿಮೈಜ್ 2023ರ ಸೆಪ್ಟೆಂಬರ್ 30ಕ್ಕೇ ನಿಂತುಹೋಯಿತು. ಅದರ ಜೊತೆ ಹಾಕಿದ್ದ, ಪುಟ ಮರೆಮಾಡುವ ತುಣುಕು ಇನ್ನೂ ಉಳಿದಿದ್ದರೆ ಕಿತ್ತುಹಾಕಿ. ಅದು ಬಾರದ ಕೋಡಿಗಾಗಿ 4 ಸೆಕೆಂಡಿನವರೆಗೆ ಬಿಳಿ ಪರದೆ ತೋರಿಸುತ್ತ ಕಾಯಬಹುದು.

ಎರಡು ಬೇರೆ ವಿಳಾಸಗಳ ನಡುವಿನ ಪರೀಕ್ಷೆಯಾದರೆ 302 (ತಾತ್ಕಾಲಿಕ) ಮರುನಿರ್ದೇಶನ ಬಳಸಿ, 301 (ಶಾಶ್ವತ) ಬೇಡ. ಬದಲಿ ಪುಟದ ಕ್ಯಾನೊನಿಕಲ್ (ಯಾವುದು ಮುಖ್ಯ ಪುಟವೆಂದು ಹುಡುಕುತಾಣಗಳಿಗೆ ಹೇಳುವ ಟ್ಯಾಗ್) ಮೂಲ ಪುಟವನ್ನೇ ತೋರಿಸಲಿ.