ಚಳಿಗಾಲ ಪೂರ್ತಿ ದೋಣೀಲೇ ಇರೋಕಾಗತ್ತಾ? ಮಂಡ್ಯದಿಂದ ಬಂದ ಪ್ರಶ್ನೆ

ಪ್ರಶ್ನೆ: ಸರ್, ನಾನು ಮಂಡ್ಯದೋನು, ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆಗಿದೀನಿ, ವಯಸ್ಸು 67, ಮನೆಯವರಿಗೆ 62. ಮಗಳು ಅಳಿಯ ಇಂಗ್ಲೆಂಡಲ್ಲಿದಾರೆ, 36 ಅಡಿ ಹಾಯಿದೋಣಿ ತಗೊಂಡು ಪೋರ್ಚುಗಲ್‌ನ ಲಾಗೋಸ್ ಅನ್ನೋ ಊರಿನ ಮರೀನಾದಲ್ಲಿ (ದೋಣಿ ಕಟ್ಟಿಹಾಕೋ ಚಿಕ್ಕ ಬಂದರು) ಕಟ್ಟಿದಾರೆ. ಕೆಲಸಕ್ಕೆ ರಜೆ ಹಾಕಿ ಚಳಿಗಾಲ ಅಲ್ಲೇ ಕಳೀತಾರಂತೆ, ನಮ್ಮನ್ನೂ ಡಿಸೆಂಬರಿಂದ ಯುಗಾದಿವರೆಗೆ ಬಂದಿರಿ ಅಂತಿದಾರೆ. ನಮಗೆ ನೀರು ಅಂದ್ರೆ ನಾಲೆ, ಕೆಆರ್‌ಎಸ್ಸು, ಹರಿಗೋಲು ಅಷ್ಟೇ. ಮನೆಯವರಿಗೆ ಮಂಡಿನೋವು ಬೇರೆ. ದೋಣಿ ಮಗುಚ್ಕೊಂಡ್ರೆ ಏನ್ ಗತಿ, ವಾಂತಿ ಬರತ್ತಾ, ಬಾತ್‌ರೂಮ್ ಹೇಗೆ, ಮುದ್ದೆ ಮಾಡ್ಬೋದಾ, ದೇವರಿಗೆ ದೀಪ ಹಚ್ಬೋದಾ ಅಂತ ದಿನಾ ಕೇಳ್ತಾರೆ. ಬಿಸಿಲಿನ ಊರು, ಸ್ವೆಟರೂ ಬೇಡ ಅಂತಾಳೆ ಮಗಳು. ಹೋಗ್ಬೋದಾ?

ಉತ್ತರ: ಹೋಗಿ ಮೇಷ್ಟ್ರೇ, ಖಂಡಿತ ಹೋಗಿ. ಆದ್ರೆ ಸ್ವೆಟರ್ ತಗೊಂಡ್ ಹೋಗಿ, ಒಂದಲ್ಲ ಎರಡೆರಡು.

ನಾನು ಹಡಗಿನ ಇಂಜಿನ್ ರೂಮಲ್ಲಿ 26 ವರ್ಷ ದುಡಿದು ಈಗ ಮೈಸೂರಲ್ಲಿರೋನು, ರಿಟೈರ್ ಆದ್ಮೇಲೆ ಸ್ನೇಹಿತನ ಬೋಟಲ್ಲಿ ಇದೇ ಲಾಗೋಸಲ್ಲಿ ಎರಡು ಚಳಿಗಾಲ ಇದ್ದು ಬಂದಿದೀನಿ. ಮಗಳು ಸುಳ್ಳು ಹೇಳ್ತಿಲ್ಲ, ಅವಳ ಲೆಕ್ಕ ಬೇರೆ. ಇಂಗ್ಲೆಂಡಿಂದ ಬಂದೋರಿಗೆ ಜನವರಿ ಹಗಲಲ್ಲಿ 16 ಡಿಗ್ರಿ ಅಂದ್ರೆ ಬಿಸಿಲಿನ ಊರೇ. ನಮಗೆ 16 ಅಂದ್ರೆ ಡಿಸೆಂಬರಲ್ಲಿ ಬೆಳಗಿನ ಜಾವ ಮಫ್ಲರ್ ಸುತ್ಕೊಂಡು ಹಾಲು ತರೋಕೆ ಹೋಗ್ತೀವಲ್ಲ ಆ ಚಳಿ, ಅದು ಅಲ್ಲಿ ಮಟಮಟ ಮಧ್ಯಾಹ್ನದ್ದು, ರಾತ್ರಿ ಎಂಟು ಒಂಬತ್ತಕ್ಕೆ ಇಳಿಯತ್ತೆ. ಇನ್ನೊಂದು, ನಮ್ಮ ಕಡೆ ಚಳಿಗಾಲ ಅಂದ್ರೆ ಒಣ ಹವೆ, ಸುಗ್ಗಿ ಕಾಲ. ಅಲ್ಲಿ ಉಲ್ಟಾ, ಬೇಸಿಗೆ ಪೂರ್ತಿ ಒಣಗಿರತ್ತೆ, ಮಳೆ ಬರೋದೇ ನವೆಂಬರ್ ಡಿಸೆಂಬರ್ ಜನವರೀಲಿ, ಅಟ್ಲಾಂಟಿಕ್ ಕಡೆಯಿಂದ ನೈಋತ್ಯದ ಗಾಳಿ ಹೊತ್ಕೊಂಡು ಬರತ್ತೆ. ಡಿಸೆಂಬರ್ ಕೊನೇಲಿ ಏಳೂಮುಕ್ಕಾಲಾದ್ರೂ ಸೂರ್ಯ ಕಾಣಲ್ಲ, ಸಾಯಂಕಾಲ ಐದೂಕಾಲು ಐದೂವರೆಗೆಲ್ಲಾ ಮುಳುಗಿಬಿಡ್ತಾನೆ.

ಮಗುಚಿಕೊಳ್ಳೋ ಭಯ ಮೊದಲು ಬಿಡಿ. ಹರಿಗೋಲಿಗೆ ತಳ ಚಪ್ಪಟೆ, ಭಾರ ಇಲ್ಲ, ಒಬ್ಬ ಅಂಚಿಗೆ ಕೂತ್ರೆ ವಾಲತ್ತೆ. 36 ಅಡಿ ಹಾಯಿದೋಣಿ ಆರೇಳು ಟನ್ ತೂಗತ್ತೆ, ಅದ್ರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ದೋಣಿ ತಳದಿಂದ ನೀರೊಳಗೆ ರೆಕ್ಕೆ ಥರ ಇಳಿದಿರೋ ಕೀಲ್‌ನಲ್ಲಿ ಕಬ್ಬಿಣವೋ ಸೀಸವೋ ಆಗಿ ಕೂತಿರತ್ತೆ, ನೀವಿಬ್ರೂ ಒಂದೇ ಕಡೆ ನಿಂತ್ರೂ ಚೂರು ವಾಲಬಹುದು ಅಷ್ಟೇ. ಮರೀನಾ ಇರೋದೂ ತೆರೆದ ಸಮುದ್ರದಲ್ಲಲ್ಲ, ಬೆನ್ಸಫ್ರಿಂ ಅನ್ನೋ ಹೊಳೆ ಒಳಗೆ, ಅಲೆ ಅಲ್ಲಿಗೆ ಬರಲ್ಲ. ವಾಂತಿ ಗೀಂತಿ ಕಟ್ಟಿಹಾಕಿದ ದೋಣೀಲಿ ಬಹಳ ಅಪರೂಪ, ಬದಲಿಗೆ ನೆಲಕ್ಕೆ ಇಳಿದ್ಮೇಲೆ ಒಂದೆರಡು ದಿನ ನೆಲವೇ ತೂಗಿದ ಹಾಗೆ ಅನ್ಸತ್ತೆ, ಗಾಬರಿ ಬೇಡ.

ನಿಜವಾದ ಅಪಾಯ ಹತ್ತೋದು ಇಳಿಯೋದ್ರಲ್ಲಿದೆ, ಅಮ್ಮಾವ್ರ ಮಂಡಿ ಇರೋದ್ರಿಂದ ಇದನ್ನ ಸ್ವಲ್ಪ ಜಾಸ್ತೀನೇ ಹೇಳ್ತೀನಿ. ದೋಣಿ ಪಕ್ಕ ತೇಲೋ ಕಟ್ಟೆ ಇರತ್ತೆ, ಪಾಂಟೂನ್ ಅಂತಾರೆ. ಅಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರಿ ಇಳಿಯತ್ತೆ, ಅಮಾವಾಸ್ಯೆ ಹುಣ್ಣಿಮೆ ಹತ್ತಿರ ವ್ಯತ್ಯಾಸ 3 ಮೀಟರ್ ಮುಟ್ಟತ್ತೆ. ದೋಣಿ ಪಾಂಟೂನ್ ಎರಡೂ ಒಟ್ಟಿಗೆ ಏರಿಳಿಯೋದ್ರಿಂದ ಅವೆರಡರ ಮಧ್ಯೆ ತೊಂದ್ರೆ ಇಲ್ಲ, ಆದ್ರೆ ದಡದಿಂದ ಪಾಂಟೂನ್‌ಗೆ ಇಳಿಯೋ ಇಳಿಜಾರು ಇದ್ಯಲ್ಲ ಅದು ನೀರು ಇಳಿದಾಗ ಬೆಟ್ಟದ ಮೆಟ್ಟಿಲಷ್ಟು ಕಡಿದಾಗಿಬಿಡತ್ತೆ, ಮಳೆ ಬಂದಿದ್ರೆ ಜಾರತ್ತೆ. ನೀರು ಏರೋ ಇಳಿಯೋ ಹೊತ್ತಿನ ಪಟ್ಟಿ ಮರೀನಾ ಆಫೀಸಲ್ಲಿ ಸಿಗತ್ತೆ, ಮಾರ್ಕೆಟ್‌ಗೆ ಹೋಗೋ ಟೈಮನ್ನ ಅದನ್ನ ನೋಡ್ಕೊಂಡು ಇಟ್ಕೊಳ್ಳಿ. ಪಾಂಟೂನ್ ಮೇಲೆ ಎರಡು ಮೆಟ್ಟಿಲಿನ ಗಟ್ಟಿ ಸ್ಟೂಲು ಇಡೋಕೆ ಮಗಳಿಗೆ ಈಗ್ಲೇ ಹೇಳಿ. ಹತ್ತುವಾಗ ಅಂಚಿನ ತೆಳು ತಂತಿ ಹಿಡೀಬೇಡಿ, ಪಟಸ್ತಂಭಕ್ಕೆ, ಅಂದ್ರೆ ಹಾಯಿ ಕಟ್ಟೋ ಕಂಬಕ್ಕೆ, ಬಿಗಿದಿರೋ ದಪ್ಪ ಉಕ್ಕಿನ ಹಗ್ಗ ಹಿಡ್ಕೊಳ್ಳಿ. ಸೀರೆ ಬೇಡ, ಚೂಡಿದಾರ್ ಹಾಕ್ಕೊಳ್ಳೋಕೆ ಹೇಳಿ. ಒಳಗೆ ಇಳಿಯೋ ನಾಲ್ಕೈದು ಮೆಟ್ಟಿಲು ಏಣಿ ಥರ ಇರತ್ತೆ, ಯಾವಾಗ್ಲೂ ಮೆಟ್ಟಿಲಿಗೆ ಮುಖ ಮಾಡಿ ಹಿಮ್ಮುಖವಾಗಿ ಇಳೀಬೇಕು, ಮನೆ ಮೆಟ್ಟಿಲಿನ ಹಾಗೆ ಮುಂದಕ್ಕೆ ನೋಡ್ಕೊಂಡು ಇಳಿದೋರೇ ಬೀಳೋದು. ಕತ್ತಲಾದ್ಮೇಲೆ ಪಾಂಟೂನ್ ಮೇಲೆ ಓಡಾಡುವಾಗ ಲೈಫ್ ಜಾಕೆಟ್ ಹಾಕ್ಕೊಳ್ಳಿ, ಯಾರೂ ನಗಲ್ಲ. ಚಳಿಗಾಲದಲ್ಲಿ ನೀರು 16 ಡಿಗ್ರಿ ಹತ್ತಿರ ಇರತ್ತೆ, ಬಿದ್ದ ತಕ್ಷಣ ಉಸಿರು ಸಿಕ್ಕಾಕ್ಕೊಳ್ಳತ್ತೆ, ಈಜು ಬರೋರಿಗೂ ಕೈಕಾಲು ಆಡಲ್ಲ. ಪಾಂಟೂನಿಂದ ಮೇಲೆ ಹತ್ತೋ ಏಣಿ ಎಲ್ಲಿದೆ ಅಂತ ಮೊದಲ ದಿನಾನೇ ನೋಡಿಟ್ಕೊಳ್ಳಿ.

ಇನ್ನು ತೇವ. ನನ್ನ ಕೇಳಿದ್ರೆ ದೋಣಿ ಚಳಿಗಾಲದ ಮುಕ್ಕಾಲು ಕಷ್ಟ ಇದೇ. ಚಿಕ್ಕ ಜಾಗದಲ್ಲಿ ನಾಲ್ಕು ಜನ ಉಸಿರಾಡ್ತೀರಿ, ಅನ್ನ ಬೇಯಿಸ್ತೀರಿ, ಒದ್ದೆ ಟವೆಲ್ ಒಣಗಿಸ್ತೀರಿ, ಆ ಆವಿ ಎಲ್ಲಾ ತಣ್ಣಗಿರೋ ಗೋಡೆ ಮೇಲೆ ಹನಿಯಾಗಿ ಕೂರತ್ತೆ. ಗ್ಯಾಸ್ ಉರಿದಾಗ್ಲೂ ನೀರು ಹುಟ್ಟತ್ತೆ, ಕೆಜಿಗೆ ಒಂದೂವರೆ ಲೀಟರ್. ದೋಣಿಗಳಲ್ಲಿ ಇರೋ ನೀಲಿ ಬಣ್ಣದ ಚಿಕ್ಕ ಸಿಲಿಂಡರ್ 2.75 ಕೆಜಿದು, ನಮ್ಮನೆ 14.2 ಕೆಜಿ ಸಿಲಿಂಡರ್ ಮುಂದೆ ಮಗು ಇದ್ದಂಗೆ, ಅದೊಂದು ಮುಗಿಯೋ ಹೊತ್ತಿಗೆ ನಾಲ್ಕು ಲೀಟರ್ ನೀರು ನಿಮ್ಮ ಹಾಸಿಗೆ ಬಟ್ಟೆ ಪುಸ್ತಕಗಳ ಮಧ್ಯೆ ಎಲ್ಲೋ ಸೇರ್ಕೊಂಡಿರತ್ತೆ. ನಾನು ಮೊದಲ ವರ್ಷ ಮೂರು ವಾರ ಆದ್ಮೇಲೆ ಹಾಸಿಗೆ ಎತ್ತಿ ನೋಡಿದ್ರೆ ಕೆಳಗಡೆ ಪೂರ್ತಿ ಕಪ್ಪು ಬೂಷ್ಟು, ಆ ವಾಸನೆ ಊರಿಗೆ ಬಂದ್ರೂ ಬಟ್ಟೆಯಿಂದ ಹೋಗ್ಲಿಲ್ಲ, ಎದೇಲಿ ಕೆಮ್ಮು ಕೂತ್ಕೊಂಡು ಒಂದು ತಿಂಗಳು ಒದ್ದಾಡಿದೆ. ಅದಕ್ಕೇ ಹಾಸಿಗೆ ಕೆಳಗೆ ಗಾಳಿ ಆಡೋ ಹಾಗೆ ಮರದ ಪಟ್ಟಿ ಹಾಕ್ಸಿ, ದಿನಾ ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಸಿ, ಚಳಿ ಅಂದ್ರೂ ಮೇಲಿನ ಕಿಟಕಿ ಒಂದು ಬೆರಳಷ್ಟು ತೆಗೆದಿರಿ. ತೇವ ಹೀರೋ ಮೆಷಿನ್ ಒಂದು ಇರ್ಲೇಬೇಕು, ಡೆಸಿಕೆಂಟ್ ಥರದ್ದಾದ್ರೆ, ಅಂದ್ರೆ ತೇವ ಹೀರೋ ವಸ್ತು ಒಳಗಿರೋದಾದ್ರೆ, ತಣ್ಣಗಿರೋ ಜಾಗದಲ್ಲಿ ಚೆನ್ನಾಗಿ ಕೆಲಸ ಮಾಡತ್ತೆ. ಅಳಿಯಂದಿರು ದುಡ್ಡು ಖರ್ಚು ಅಂದ್ರೆ ನೀವೇ ಕೊಡ್ಸಿಬಿಡಿ, ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ಕರೆಂಟು ದಡದಿಂದ ಬರತ್ತೆ, ನಮ್ಮ ಥರಾನೇ 230 ವೋಲ್ಟು, ಆದ್ರೆ ಒಂದು ದೋಣಿಗೆ ಸಾಮಾನ್ಯವಾಗಿ 16 ಆಂಪಿಯರ್ ಅಷ್ಟೇ, ಅಂದ್ರೆ 3,680 ವಾಟ್. ಎರಡು ಸಾವಿರ ವಾಟಿನ ಹೀಟರ್ ಉರೀತಿರುವಾಗ ಅಷ್ಟೇ ವಾಟಿನ ಕೆಟಲ್ ಹಾಕಿದ್ರೆ ಟ್ರಿಪ್ಪು. ಹೀಟರ್ ಆಫ್ ಮಾಡಿ ಕಾಫಿಗಿಡಿ. ಗ್ಯಾಸ್ ಒಲೆ ಹಚ್ಚಿ ಮಾತ್ರ ಮೈ ಕಾಯಿಸ್ಕೋಬೇಡಿ, ಕಿಟಕಿ ಮುಚ್ಚಿದ ದೋಣೀಲಿ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಂಡ್ರೆ ವಾಸನೆಯೂ ಬರಲ್ಲ, ನಿದ್ದೇಲೇ ಪ್ರಾಣ ಹೋಗತ್ತೆ. ಅದರ ಅಲಾರಂ ಇದ್ಯಾ ಅಂತ ಟಿಕೆಟ್ ಬುಕ್ ಮಾಡೋಕೆ ಮುಂಚೆ ಮಗಳನ್ನ ಕೇಳಿ.

ಅಡುಗೆಗೆ ಕುಕ್ಕರ್ ದೇವರು. ಆವಿ ಕಮ್ಮಿ, ಗ್ಯಾಸ್ ಕಮ್ಮಿ. ಇಂಡಕ್ಷನ್ ಒಲೆ ಇದ್ರೆ ಇನ್ನೂ ಒಳ್ಳೇದು. ಮುದ್ದೆ ಆರಾಮಾಗಿ ಮಾಡ್ಬೋದು, ಒಂದೇ ಒಂದು ಎಚ್ಚರ: ಹಾಯಿದೋಣಿ ಒಲೆ ತೊಟ್ಟಿಲ ಥರ ತೂಗಾಡೋ ಹಾಗೆ ಮಾಡಿರ್ತಾರೆ, ಅದರ ಮೇಲೇ ಕೋಲು ಹಾಕಿ ತಿರುವಿದ್ರೆ ಕುದಿಯೋ ಹಿಟ್ಟು ಕಾಲ ಮೇಲೆ. ಒಲೆಗೆ ಲಾಕ್ ಇರತ್ತೆ, ಅದನ್ನ ಹಾಕಿ ಬೇಯಿಸಿ, ತಿರುವೋಕೆ ಪಾತ್ರೆ ನೆಲಕ್ಕಿಳಿಸಿ ನಮ್ಮ ಹಳ್ಳಿ ಕಡೆ ಥರ ಗಟ್ಟಿಯಾಗಿ ಒತ್ತಿ ಹಿಡ್ಕೊಂಡು ತಿರುವಿ. ರಾಗಿಹಿಟ್ಟು, ಸಾರಿನಪುಡಿ ತಗೊಂಡ್ ಹೋಗಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥ ಯುರೋಪಿಗೆ ಹೊರಗಿಂದ ತರಂಗಿಲ್ಲ, ಏರ್‌ಪೋರ್ಟಲ್ಲಿ ಕಿತ್ಕೋತಾರೆ. ಹಸಿ ಕರಿಬೇವು, ವೀಳ್ಯದೆಲೆನೂ ಆಗಲ್ಲ. ತೆಂಗಿನಕಾಯಿ ಬಾಳೆಹಣ್ಣು ಬಿಡ್ತಾರೆ.

ಬಾತ್‌ರೂಮ್ ವಿಷಯ ಮುಚ್ಚುಮರೆ ಇಲ್ದೆ ಹೇಳ್ತೀನಿ. ದೋಣಿ ಟಾಯ್ಲೆಟ್ ಚಿಕ್ಕದು, ಹೆಚ್ಚಾಗಿ ಕೈಪಂಪು, ಪೈಪು ಸಣ್ಣ, ಪೇಪರ್ ಹಾಕಿದ್ರೆ ಕಟ್ಕೊಳ್ಳತ್ತೆ. ಹಗಲು ಮರೀನಾದವರ ಟಾಯ್ಲೆಟ್ಟು ಬಿಸಿನೀರು ಸ್ನಾನದ ಕೋಣೆ ಉಪಯೋಗಿಸಿ, ಒಂದು ಚೊಂಬು ಬ್ಯಾಗಲ್ಲಿರಲಿ. ರಾತ್ರಿ ಎರಡು ಮೂರು ಸಲ ಏಳೋ ವಯಸ್ಸು ನಮ್ಮದು, ಅದಕ್ಕೆ ಟಾಯ್ಲೆಟ್‌ಗೆ ಹತ್ತಿರ ಇರೋ, ಹಾಸಿಗೆಗೆ ಹತ್ತಿ ತೆವಳ್ಕೊಂಡು ಹೋಗೋದು ಬೇಡದ ಕೋಣೆ ಕೇಳಿ. ಗಾಳಿ ಬಂದ ರಾತ್ರಿ ಹಾಯಿ ಹಗ್ಗ ಪಟಸ್ತಂಭಕ್ಕೆ ಬಡಿದು ಟಣ್ ಟಣ್ ಅಂತ ಬೆಳಗಿನವರೆಗೂ ಹೊಡ್ಕೊಳ್ಳತ್ತೆ, ಅಳಿಯಂದಿರಿಗೆ ಹೇಳಿ ಅದನ್ನ ಪಕ್ಕಕ್ಕೆ ಎಳೆದು ಕಟ್ಟಿಸಿ.

ಯುಗಾದಿವರೆಗೆ ಮಾತ್ರ ಆಗಲ್ಲ ಮೇಷ್ಟ್ರೇ. ಷೆಂಗೆನ್ ವೀಸಾದಲ್ಲಿ (ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡೋ ವೀಸಾ) ಯಾವುದೇ 180 ದಿನದಲ್ಲಿ 90 ದಿನ ಅಷ್ಟೇ, ಇಳಿದ ದಿನ ಹೊರಟ ದಿನ ಎರಡೂ ಲೆಕ್ಕಕ್ಕೆ ಬರತ್ತೆ. ಡಿಸೆಂಬರ್ 1ಕ್ಕೆ ಇಳಿದ್ರೆ ಫೆಬ್ರವರಿ 28ಕ್ಕೆ ಸರಿಯಾಗಿ 90. ದೋಣಿ ಸ್ವಂತದ್ದು ಅಂತ ರಿಯಾಯಿತಿ ಇಲ್ಲ, ಮಗಳು ಅಳಿಯಂದು ಬ್ರಿಟಿಷ್ ಪಾಸ್‌ಪೋರ್ಟ್ ಆಗಿದ್ರೂ 2021ರಿಂದ ಅವರಿಗೂ ಇದೇ ಲೆಕ್ಕ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದು ಬೇಕು, ಬಿಪಿ ಶುಗರ್ ಇದ್ರೆ ಮುಚ್ಚಿಡದೆ ಬರೆಸಿ, ಮಾತ್ರೆ ಮೂರು ತಿಂಗಳಿಗಾಗೋಷ್ಟು ಡಾಕ್ಟರ್ ಚೀಟಿ ಜೊತೆ ಇರಲಿ. ಟಿಕೆಟ್ ಮಾಡುವಾಗ ಲಾಗೋಸ್ ಅಂತ ಹುಡುಕಿದ್ರೆ ನೈಜೀರಿಯಾದ ಲಾಗೋಸ್ ಬರತ್ತೆ, ನಿಮಗೆ ಬೇಕಿರೋದು ಫಾರೋ ಅಥವಾ ಲಿಸ್ಬನ್, ಅಲ್ಲಿಂದ ರೈಲಿದೆ, ಸ್ಟೇಷನ್ ಮರೀನಾ ಪಕ್ಕದಲ್ಲೇ.

ಮೊದಲ ನಾಲ್ಕೈದು ದಿನ ಊರಲ್ಲಿ ರೂಮ್ ಮಾಡ್ಕೊಂಡು ಹಗಲು ದೋಣಿಗೆ ಹೋಗಿ ಬನ್ನಿ ಅಂತ ನನ್ನ ಸಲಹೆ. ಅಮ್ಮಾವ್ರ ಮಂಡಿ ಒಪ್ಕೊಂಡ್ರೆ ಆಮೇಲೆ ದೋಣಿಗೆ ಸಾಮಾನು ಸಾಗಿಸಿ. ದೋಣಿಯನ್ನ ಮಲಗೋ ಕೋಣೆ ಅಂದ್ಕೊಂಡು ಹಗಲೆಲ್ಲಾ ಹೊರಗಿರಿ, ಮೀನಿನ ಮಾರ್ಕೆಟ್ಟು, ಹಳೇ ಕೋಟೆ ಗೋಡೆ, ದೋಣಿ ಬಂದಾಗ ಎದ್ದು ನಿಲ್ಲೋ ನಡಿಗೆ ಸೇತುವೆ ಎಲ್ಲಾ ಕಾಲ್ನಡಿಗೆ ದೂರ. ಮಗಳು ಅಳಿಯಂಗೂ ಅಷ್ಟು ಹೊತ್ತು ಅವರದ್ದೇ ಜಾಗ ಸಿಗತ್ತೆ.

ದೀಪದ ಬಗ್ಗೆ ಅಮ್ಮಾವ್ರಿಗೆ ಹೀಗೆ ಹೇಳಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದ್ರೆ ದೋಣಿ ತಳದಲ್ಲಿ ನೀರಿನ ಹಾಗೆ ಶೇಖರ ಆಗತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ಒಂದು ಕಿಡಿ ಸಾಕು. ಅದಕ್ಕೆ ಮೊದಲು ಸಿಲಿಂಡರ್ ಹತ್ತಿರವೇ ಗ್ಯಾಸ್ ಬಂದ್ ಮಾಡಿ, ಕಿಟಕಿ ತೆಗೆದು, ಹಿತ್ತಾಳೆ ದೀಪವನ್ನ ಸ್ಟೀಲ್ ಸಿಂಕ್ ಒಳಗಿಟ್ಟು ಹಚ್ಚಿ, ಪಕ್ಕದಲ್ಲೇ ಕೂತು ಪೂಜೆ ಮುಗಿಸಿ, ಏಳೋಕೆ ಮುಂಚೆ ಹೂವಿನಿಂದ ಶಾಂತ ಮಾಡಿಬಿಡ್ಲಿ. ನನ್ನ ಸ್ನೇಹಿತನ ಹೆಂಡತಿ ಎರಡು ಚಳಿಗಾಲಾನೂ ಸಂಕ್ರಾಂತಿಗೆ ಹಾಗೇ ಹಚ್ಚಿದ್ರು, ಆಮೇಲೆ ಪಕ್ಕದ ದೋಣಿಯೋರಿಗೆಲ್ಲಾ ಎಳ್ಳು ಬೀರಿ ಬಂದ್ರು.