ಕೆಲಸ ಬಿಡಬೇಡಿ, ಆದರೆ ಮನೆಯ ವಿಷಯ ಮುಚ್ಚಿಡಬೇಡಿ

ಪರಿಹಾರ ಕೆಲಸದಲ್ಲಿದ್ದೀರಿ, ಈಗ ನಿಮ್ಮ ತಮ್ಮನ ಮನೆಯವರೇ ಯುದ್ಧದ ಊರಲ್ಲಿ ಸಿಕ್ಕಿಕೊಂಡಿದ್ದಾರೆ, ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ನಿಮ್ಮ ಮೇಲಿನವರಿಗೆ ಇವತ್ತೇ ಹೇಳಿ. ನಾನು ಐದು ದಿನ ಹೇಳಲಿಲ್ಲ, ಅದರ ಪೆಟ್ಟು ಬೇರೆಯವರಿಗೆ ಬಿತ್ತು.

2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ನಾನು ಪಕ್ಕದ ದಕ್ಷಿಣ ಸುಡಾನಿನಲ್ಲಿ ಇದೇ ಪರಿಹಾರ ಕೆಲಸದಲ್ಲಿದ್ದೆ. ಅಕ್ಕ, ಭಾವ, ಅವರ ಮಗಳು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ. ಕರೆಂಟ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಅಕ್ಕ ದಿನವಿಡೀ ಫೋನ್ ಆಫ್ ಮಾಡಿಟ್ಟು ಸಂಜೆ ಏಳಕ್ಕೆ ಎರಡು ನಿಮಿಷ ಮಾತ್ರ ಹಾಕುತ್ತಿದ್ದಳು. "ಇದ್ದೀವಿ ಕಣೋ, ಅಮ್ಮನಿಗೆ ಹೇಳು" ಅನ್ನುವಷ್ಟರಲ್ಲಿ ಕಟ್.

ಸ್ವಲ್ಪ ದಿನಕ್ಕೇ ಜೋಡಾ ಗಡಿ ದಾಟಿ ಜನ ನಾವಿದ್ದ ರೆಂಕ್ ಊರಿನ ಕಡೆಗೆ ಬರತೊಡಗಿದರು. ಅವರ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ನಾನಿದ್ದೆ. ಎಲ್ಲಿಂದ ಬಂದಿರಿ ಅಂದರೆ ಒಬ್ಬರಾದ ಮೇಲೆ ಒಬ್ಬರು ಖಾರ್ಟೂಮ್ ಅನ್ನುತ್ತಿದ್ದರು, ನಾನು ಫಾರಂ ಬಿಟ್ಟು ಯಾವ ಬೀದಿ, ಯಾವ ಸೇತುವೆ ತೆರೆದಿದೆ, ಬಸ್ಸಿಗೆ ಎಷ್ಟು ಕೇಳುತ್ತಾರೆ ಅಂತ ವಿಚಾರಿಸುತ್ತಾ ಕೂರುತ್ತಿದ್ದೆ, ಹಿಂದೆ ಸಾಲು ಬಿಸಿಲಲ್ಲಿ ನಿಂತೇ ಇರುತ್ತಿತ್ತು. ಒಂದು ದಿನ ಒಬ್ಬ ತಾಯಿ ರೇಷನ್ ಚೀಟಿ ಹಿಡಿದು ವಾಪಸ್ ಬಂದಳು. ಬೈಯಲಿಲ್ಲ. ಮಕ್ಕಳನ್ನೆಲ್ಲ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿದಳು, ಅಷ್ಟೆ. ಎಂಟು ಜನರ ಮನೆಗೆ ನಾನು ಮೂರು ಅಂತ ಬರೆದಿದ್ದೆ. ನಮ್ಮಕ್ಕನ ಮನೆಯಲ್ಲಿ ಇರುವುದು ಮೂರು ಜನ.

ಅವತ್ತು ರಾತ್ರಿ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನನ್ನನ್ನು ಮೇಜಿನಿಂದ ಎಬ್ಬಿಸಿ ಗೋದಾಮಿನ ಲೆಕ್ಕಕ್ಕೆ ಹಾಕಿದರು. ಅಕ್ಕನಿಗೆ ನಮ್ಮ ಸಂಸ್ಥೆಯ ಗಾಡಿ ಕಳಿಸಿ ಅಂತ ಗೋಗರೆದೆ, ಆಗಲ್ಲ ಅಂದರು. ಆಗ ಕೂಗಾಡಿಬಿಟ್ಟೆ. ಈಗ ನೋಡಿದರೆ ಅವರು ಮಾಡಿದ್ದೇ ಸರಿ. ನನ್ನವರಿಗೆ ಗಾಡಿ ಕೊಟ್ಟರೆ ಸಹೋದ್ಯೋಗಿಗಳ ಮನೆಯವರಿಗೆ ಇಲ್ಲ ಅನ್ನುವುದು ಹೇಗೆ?

ಅಕ್ಕ ಉಳಿದದ್ದು ಭಾರತದ ಪಾಸ್‌ಪೋರ್ಟ್‌ನಿಂದ. ನಮ್ಮ ಸರ್ಕಾರ ಭಾರತೀಯರನ್ನು ಕರೆತರಲು ನಡೆಸಿದ ಆಪರೇಷನ್ ಕಾವೇರಿಯಲ್ಲಿ ಬಸ್ಸಿನಲ್ಲಿ ಪೋರ್ಟ್ ಸುಡಾನ್, ಅಲ್ಲಿಂದ ಹಡಗಿನಲ್ಲಿ ಜೆದ್ದಾ, ಕೊನೆಗೆ ವಿಮಾನದಲ್ಲಿ ಬೆಂಗಳೂರು. ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ಹಕ್ಕಿಪಿಕ್ಕಿ ಜನರೂ ಹೀಗೇ ಬಂದರು. ನನ್ನ ಸುಡಾನಿ ಸಹೋದ್ಯೋಗಿಯ ತಾಯಿ ಖಾರ್ಟೂಮಿನ ಪಕ್ಕದ ಒಮ್ದುರ್ಮಾನಿನಲ್ಲೇ ಉಳಿದರು. ಅವನಿಗೆ ಕರೆಸಿಕೊಳ್ಳುವ ಇನ್ನೊಂದು ಸರ್ಕಾರ ಎಲ್ಲಿದೆ? ಅಕ್ಕ ಬೆಂಗಳೂರಿಗೆ ಬಂದಿಳಿದಳು ಅಂತ ಹೇಳಿದಾಗ ಅವನು ನನ್ನ ಎರಡೂ ಕೈ ಹಿಡಿದು "ಅಲ್‌ಹಮ್ದುಲಿಲ್ಲಾ" ಅಂದ, ಆಮೇಲೆ ತನ್ನ ಮೇಜಿಗೆ ಹೋಗಿ ಕೂತ. ಪ್ರಪಂಚದಲ್ಲೆಲ್ಲ ಈ ಕೆಲಸದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಅವನಂಥ ಸ್ಥಳೀಯರೇ. ಯುದ್ಧ ಶುರುವಾದ ದಿನವೇ ಉತ್ತರ ದಾರ್ಫುರ್‌ನ ಕಬ್ಕಾಬಿಯಾದಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮೂವರು ಪ್ರಾಣ ಕಳೆದುಕೊಂಡರು.

ಮೇ ತಿಂಗಳಲ್ಲಿ ಮೂರು ವಾರ ರಜೆ ಹಾಕಿ ಅಕ್ಕನ ಜೊತೆಗಿದ್ದೆ, ಆಮೇಲೆ ರೆಂಕ್‌ಗೆ ವಾಪಸ್ ಹೋದೆ. ನಿಮಗೂ ರಜೆ ಬೇಕಾಗುತ್ತದೆ, ಕೇಳಿ, ನಾಚಿಕೆ ಬೇಡ. ನಿಮ್ಮ ತಮ್ಮನ ಹೆಸರು ಬರುವ ಯಾವ ಪಟ್ಟಿಯನ್ನೂ ನೀವು ಮುಟ್ಟಬೇಡಿ, ಬೇರೆಯವರಿಗೆ ಕೊಡಿ. ಮತ್ತೆ, ಇವತ್ತು ಫೋನ್ ಸಿಕ್ಕರೆ ಮೊದಲು ಮನೆಯವರೆಲ್ಲರ ಪಾಸ್‌ಪೋರ್ಟ್ ಫೋಟೋ ತೆಗೆದು ಕಳಿಸಲು ಹೇಳಿ. ನಾಳೆ ನೆಟ್‌ವರ್ಕ್ ಇರುತ್ತದೆ ಅಂತ ನಂಬಬೇಡಿ.