ಓದುಗರ ಪ್ರಶ್ನೆ: ಲೂಯಿ ಶೋವಿನ್ ಮತ್ತು ‘ಹೀಲಿಯೊಟ್ರೋಪ್ ಬೊಕೆ’

ಪ್ರಶ್ನೆ: ರ್‍ಯಾಗ್‌ಟೈಮ್ (ಅಮೆರಿಕದ ಒಂದು ಹಳೆಯ ಸಂಗೀತ ಶೈಲಿ) ಪಿಯಾನೊ ವಾದಕ ಲೂಯಿ ಶೋವಿನ್ ಅವರನ್ನು ಅಷ್ಟು ಹೊಗಳುತ್ತಾರಲ್ಲ, ಅವರ ಧ್ವನಿಮುದ್ರಿಕೆ ಸಿಗುತ್ತದೆಯೇ? ‘ಹೀಲಿಯೊಟ್ರೋಪ್ ಬೊಕೆ’ ಕಲಿಯುತ್ತಿದ್ದೇನೆ, ಎಡಗೈ ಹಿಡಿತಕ್ಕೇ ಸಿಗುತ್ತಿಲ್ಲ.

ಉತ್ತರ: ಸಿಗುವುದಿಲ್ಲ. ಮುದ್ರಿಕೆಯೂ ಇಲ್ಲ, ಪಿಯಾನೊ ರೋಲ್ (ತಾನೇ ನುಡಿಯುವ ಪಿಯಾನೊಗೆ ಹಾಕುವ, ತೂತು ಕೊರೆದ ಕಾಗದದ ಸುರುಳಿ) ಕೂಡ ಇಲ್ಲ. ಅಮೆರಿಕದ ಸೇಂಟ್ ಲೂಯಿಯಲ್ಲಿ 1881ರಲ್ಲಿ ಹುಟ್ಟಿದ ಶೋವಿನ್ 1908ರ ಮಾರ್ಚಿನಲ್ಲಿ ಶಿಕಾಗೊದಲ್ಲಿ ತೀರಿಕೊಂಡಾಗ ಬರೀ 27 ವರ್ಷ. ಅವರಿಗೆ ಸ್ವರಲಿಪಿ ಓದಲು, ಬರೆಯಲು ಬರುತ್ತಿರಲಿಲ್ಲ. ನುಡಿಸಿದ್ದೆಲ್ಲ ಅಲ್ಲಲ್ಲೇ ಗಾಳಿಗೆ ಹೋಯಿತು. ಎಂಥ ನಷ್ಟ! ಅಚ್ಚಾಗಿ ಉಳಿದದ್ದು ಮೂರೇ ಕೃತಿ. ಅವುಗಳಲ್ಲಿ ಎರಡು ಹಾಡು.

ಮೂರನೆಯದೇ ನೀವು ಕಲಿಯುತ್ತಿರುವುದು. 1907ರಲ್ಲಿ ಪ್ರಕಟವಾಯಿತು. ಮೊದಲ ಎರಡು ಭಾಗ ಶೋವಿನ್ ಅವರದು. ಈ ಶೈಲಿಯ ಹೆಸರಾಂತ ಸಂಯೋಜಕ ಸ್ಕಾಟ್ ಜಾಪ್ಲಿನ್ ಅದನ್ನು ಬರೆದಿಟ್ಟು ಕೊನೆಯ ಎರಡು ಭಾಗ ಸೇರಿಸಿದರು.

ಇನ್ನು ಎಡಗೈ. ಮೊದಲ ಭಾಗದಲ್ಲಿ ಎಂದಿನ ‘ಊಂ-ಪಾ’ (ಒಂದು ಕೆಳಸ್ವರ, ಒಂದು ಸ್ವರಗುಚ್ಛ ಎಂಬ ಸಮ ನಡೆ) ಇಲ್ಲ, ಕ್ಯೂಬಾದ ಹಬನೇರಾ ನೃತ್ಯದ ನಡೆ ಇದೆ. ಒಂದು ಬಾರ್ (ತಾಳದ ಒಂದು ಸುತ್ತು) ಅನ್ನು ಎಂಟಾಗಿ ಎಣಿಸಿ: ಪೆಟ್ಟು ಬೀಳುವುದು 1, 4, 5, 7ರ ಮೇಲೆ. ಅಂದರೆ 3+1+2+2. ಹೆಚ್ಚಿನವರು ಎಡವುವುದು ಎರಡನೇ ಪೆಟ್ಟಿನಲ್ಲಿ. ಅವಸರಪಟ್ಟು 3ಕ್ಕೇ ಹಾಕಿಬಿಡುತ್ತಾರೆ, ಆಗ ನಾಲ್ಕೂ ಸಮನಾಗಿ ಆ ತೂಗಾಟವೇ ಸತ್ತುಹೋಗುತ್ತದೆ. ಎಡಗೈಯನ್ನು ಮೊದಲು ಒಂಟಿಯಾಗಿ, ಬಾಯಲ್ಲಿ ಎಣಿಸುತ್ತ ನುಡಿಸಿ. ಅದು ಕೂತ ಮೇಲೆ ಬಲಗೈ ಸೇರಿಸಿ. ಪೆಡಲ್ ಒತ್ತಿ ಹಿಡಿಯಬೇಡಿ, ಬಲಗೈಯ ಎಳೆ ಮಸುಕಾಗುತ್ತದೆ. ವೇಗವೂ ಬೇಡ. ರ್‍ಯಾಗ್‌ಟೈಮ್ ಅನ್ನು ಯಾವತ್ತೂ ಓಡಿಸಬಾರದೆಂದು ಜಾಪ್ಲಿನ್ ಅವರೇ ಬರೆದಿದ್ದಾರೆ.